ಇನ್ನೂ ಆಗದ ಸ್ಫೋಟ

ಗುಡ್ಡದ ಮೇಲಿನ ವೀಕ್ಷಣಾಲಯ
ಫೆಬ್ರವರಿ ೧೧

ಚಿಣ್ಣಿ,

ಏನೇ, ಬದುಕಿದ್ದೀಯಾ? ಮೂರು ದಿನದಿಂದ ನಿನ್ನ ಮೇಜಿಗೆ ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದೇನೆ, ಉತ್ತರ ಕೊಡುತ್ತಿರುವವನು ಯಾವನೋ ಬೇರೆ. "ತಮ್ಮ ಸಂದೇಶವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು" ಅಂತೆ. ಅಲ್ಲ, ಉಪಗ್ರಹದಿಂದ ಕರೆ ಬಂದ ತಕ್ಷಣ ಜಗತ್ತಿನ ದುರ್ಬೀನುಗಳನ್ನೆಲ್ಲ ಬಡಿದೆಬ್ಬಿಸುವ ಮೇಜು ಅದು! ಅಲ್ಲಿ ಕೂತವನು ಸೀಲು ಒತ್ತುವವನ ಹಾಗೆ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೋಗಲಿ, ಮೊದಲು ಒಳ್ಳೆಯ ಸುದ್ದಿ. ಮೂರನೇ ತಾರೀಖು ನಿನ್ನ ಉಪಗ್ರಹ ಹಿಡಿದ ಗಾಮಾ ಕಿರಣ ಸ್ಫೋಟ ಇದೆಯಲ್ಲ, ಅದರ ಉಳಿಬೆಳಕು ನನಗೆ ಸಿಕ್ಕಿತು. ಆಗತಾನೇ ಕತ್ತಲಾಗಿತ್ತು. ನಿನ್ನ ಸೂಚನೆ ಬಂದದ್ದೇ ತಡ, ನನ್ನ ಮುದುಕಿ ದುರ್ಬೀನು ಸೊಂಟ ಹಿಡಿದುಕೊಂಡೇ ತಿರುಗಿತು. ಹಳೆಯ ಚಿತ್ರದಲ್ಲಿ ಏನೂ ಇಲ್ಲದ ಕಡೆ ಒಂದು ಚುಕ್ಕೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮಂಕಾಗಿತ್ತು. ಮಂಕಾಗುವುದೇ ಅದರ ಗುರುತು. ಮಾರನೆಯ ದಿನವೂ ಹಾಗೇ ಹೊಳೆಯುತ್ತಿದ್ದರೆ ಅದು ಯಾವುದೋ ಬಡಪಾಯಿ ನಕ್ಷತ್ರ, ನಮ್ಮದಲ್ಲ. ಆಮೇಲೆ ಸಮುದ್ರದಾಚೆಯ ದೊಡ್ಡ ದೂರದರ್ಶಕದವರು ಆ ಬೆಳಕನ್ನು ಬಣ್ಣ ಬಣ್ಣವಾಗಿ ಒಡೆದು ನೋಡಿದರು. ನಮ್ಮ ಸೂರ್ಯ ಹುಟ್ಟುವುದಕ್ಕೂ ಮೊದಲೇ ಹೊರಟ ಬೆಳಕಂತೆ. ಅಷ್ಟು ದೂರದಿಂದ ಬಂದದ್ದಕ್ಕೆ ಬಾಗಿಲು ತೆಗೆದವಳು ನೀನು. ನಾನು ಇಲ್ಲಿ ಒಬ್ಬಳೇ ಕುಣಿದಾಡಿದೆ, ಮಂಡಿನೋವು ಬಂದದ್ದೂ ಗೊತ್ತಾಗಲಿಲ್ಲ.

ನಿಮ್ಮ ಆಡಳಿತದವರು ಆಫೀಸಿನ ಮೇಲ್ ಓದುತ್ತಾರೆಂದು ನೀನೇ ಹೇಳಿದ್ದೆ. ಇಲ್ಲಿಯ ಫೋನಿನಲ್ಲಿ ಅರ್ಧ ಮಾತು ಗಾಳಿಪಾಲು. ಅದಕ್ಕೇ ದಿನಸಿ ತರುವ ಜೀಪಿನವನ ಕೈಲಿ ಈ ಕಾಗದ. ಈ ತಿಂಗಳು ಕಳೆದು ಮುಂದಿನ ತಿಂಗಳಿಗೆ ನಿನ್ನ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಗುತ್ತದೆ. ಇಂಥ ಹೊತ್ತಲ್ಲಿ ಮೇಜು ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದೀಯಾ? ಉತ್ತರ ಬರೆ.

ನಿನ್ನ ಚಿಕ್ಕಮ್ಮ


ನಗರ
ಫೆಬ್ರವರಿ ೧೭

ಪ್ರೀತಿಯ ಚಿಕ್ಕಮ್ಮ,

ಬದುಕಿದ್ದೇನೆ ಮಾರಾಯ್ತಿ, ಕೂಗಬೇಡ. ಕೆಲವು ದಿನಕ್ಕೆ ನನ್ನನ್ನು ಗ್ರಂಥಾಲಯಕ್ಕೆ ಹಾಕಿದ್ದಾರೆ. ಪರದೆ ನೋಡಿ ನೋಡಿ ಕಣ್ಣು ಕೆಂಪಾಗಿತ್ತು, ಒಂಥರಾ ವಿಶ್ರಾಂತಿ ಅಂದುಕೋ. ಇಲ್ಲಿ ಕಿಟಕಿ ದೊಡ್ಡದು, ಚಹಾ ಬಿಸಿಯಾಗಿ ಬರುತ್ತದೆ, ಗ್ರಂಥಪಾಲಕಿ ದಿನವಿಡೀ ಸೊಸೆಯನ್ನು ಬೈಯುತ್ತಾ ಪುಸ್ತಕಗಳಿಗೆ ಬೆನ್ನುಪಟ್ಟಿ ಅಂಟಿಸುತ್ತಾರೆ. ನಾನು ಗೋಂದು ಹಚ್ಚಿಕೊಡುತ್ತೇನೆ. ಡಾಕ್ಟರೇಟ್ ಕೊನೆಗೂ ಉಪಯೋಗಕ್ಕೆ ಬಂತು ನೋಡು.

ಆ ಚುಕ್ಕೆಯ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ನಿಜವಾಗಿ. ಇನ್ನೊಮ್ಮೆ ಬರೆ, ಹೇಗಿತ್ತು, ಎಷ್ಟು ಹೊತ್ತಿತ್ತು, ಎಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನಾನು ಗ್ರಂಥಾಲಯದಲ್ಲಿರುವುದನ್ನು ಅವಳಿಗೆ ಹೇಳಬೇಡ, ಸುಮ್ಮನೆ ಗಾಬರಿ ಬೀಳುತ್ತಾಳೆ. ಇನ್ನೊಂದು, ನನ್ನ ಸೂಚನೆ ನಿನ್ನಲ್ಲಿಗೆ ತಲುಪಿದ ಸಮಯ ನಿನ್ನ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದಲ್ಲ, ಅದನ್ನು ಅಳಿಸಬೇಡ. ಹಾಗೇ ಸುಮ್ಮನೆ ಹೇಳಿದೆ.

ನಿನ್ನ ಚಿಣ್ಣಿ


ವೀಕ್ಷಣಾಲಯ
ಫೆಬ್ರವರಿ ೨೦

ಚಿಣ್ಣಿ,

ವಿಶ್ರಾಂತಿಯಂತೆ ವಿಶ್ರಾಂತಿ! ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣು ಕೆಂಪಾಯಿತೆಂದು ಆ ಮೇಜನ್ನು ಬಿಟ್ಟುಬಂದಿದ್ದೀಯಲ್ಲ, ನಿನಗೇನು ತಲೆ ನೆಟ್ಟಗಿದೆಯಾ? ನನ್ನ ಕಾಲದಲ್ಲಿ ಆ ಕೋಣೆಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. "ಪಾಳಿ ಕೆಲಸ ನಿಮಗೆ ಆಗಲ್ಲಮ್ಮ" ಎಂದು ನಯವಾಗಿ ಹೇಳಿ ಗುಡ್ಡ ಹತ್ತಿಸಿದರು. ಹಟಕ್ಕೆ ಬಿದ್ದು ಇಲ್ಲಿಯೇ ಬೇರು ಬಿಟ್ಟೆ. ನೀನು ಆ ಕುರ್ಚಿಯಲ್ಲಿ ಕೂತ ದಿನ ನನ್ನ ಹೊಟ್ಟೆ ತಣ್ಣಗಾಗಿತ್ತು. ಈಗ ನೋಡಿದರೆ ಮಹಾರಾಣಿಯವರು ಗೋಂದು ಹಚ್ಚುತ್ತಿದ್ದಾರೆ.

ಇನ್ನೊಮ್ಮೆ ಸ್ಫೋಟವಾದರೆ ಆ ಸಂಬಂಧಪಟ್ಟವರ-ಗಮನಕ್ಕೆ ಮಹಾಶಯ ಸೂಚನೆ ಕಳಿಸುವಷ್ಟರಲ್ಲಿ ಚುಕ್ಕೆ ಸತ್ತು ಮಣ್ಣಾಗಿರುತ್ತದೆ. ಅಲ್ಲೇ ಇರುವುದನ್ನು ಯಾವಾಗ ಬೇಕಾದರೂ ನೋಡಬಹುದು ಚಿಣ್ಣಿ. ಇದು ಹಾಗಲ್ಲ. ಒಂದು ಸಲ, ಒಬ್ಬರಿಗೆ, ಅಷ್ಟೇ. ಅದನ್ನು ಅರ್ಥ ಮಾಡಿಕೊಂಡವರು ಕಣ್ಣಿನ ನೆಪ ಹೇಳುವುದಿಲ್ಲ.

ನಿನಗೆ ಎದೆಗಾರಿಕೆ ಇದೆ ಅಂದುಕೊಂಡಿದ್ದೆ. ನಾಳೆಯೇ ನಿರ್ದೇಶಕರ ಮುಂದೆ ನಿಂತು ಮೇಜು ವಾಪಸ್ ಕೇಳು. ಇಲ್ಲವಾದರೆ ನನಗೆ ಕಾಗದ ಬರೆಯಬೇಡ.

ಚಿಕ್ಕಮ್ಮ


ನಗರ
ಫೆಬ್ರವರಿ ೨೭

ಚಿಕ್ಕಮ್ಮ,

ಸಾಕು. ನೀನು ಬೆಂಕಿಯ ಹಾಗೆ ಹಾರಾಡುತ್ತೀಯೆಂದು ಹೇಳದೆ ಇಟ್ಟುಕೊಂಡಿದ್ದೆ. ಈಗ ನನ್ನನ್ನೇ ಸುಟ್ಟೆ. ತಗೋ, ಕೇಳು.

ನಾನಾಗಿ ಮೇಜು ಬಿಡಲಿಲ್ಲ, ಎಬ್ಬಿಸಿದರು. ಸ್ಫೋಟವಾದ ನಾಲ್ಕನೇ ದಿನಕ್ಕೆ ಆಡಳಿತಾಧಿಕಾರಿಯಿಂದ ಮೆಮೊ ಬಂತು. ಒಂದಕ್ಷರ ಬದಲಿಸದೆ ಬರೆಯುತ್ತೇನೆ: "ದಿನಾಂಕ ೩ರಂದು ಉಪಗ್ರಹದ ಕರೆಗಂಟೆ ಸಂಜೆ ೭:೪೦ಕ್ಕೆ ಮೊಳಗಿರುವುದು ಕೋಣೆಯ ದಾಖಲೆಯಿಂದ ಕಂಡುಬರುತ್ತದೆ. ಆದರೆ ತಾವು ಸದರಿ ಸ್ಫೋಟದ ಸೂಚನೆಯನ್ನು ಅದೇ ದಿನ ಮಧ್ಯಾಹ್ನ ೨:೨೨ಕ್ಕೆ ಕಳಿಸಿದ್ದೀರಿ. ಹಾಜರಿ ಪುಸ್ತಕದ ಪ್ರಕಾರ ತಾವು ಕೆಲಸಕ್ಕೆ ಬಂದಿದ್ದು ಸಂಜೆ ೬ಕ್ಕೆ. ಘಟನೆ ನಡೆಯುವುದಕ್ಕೆ ಮುಂಚೆಯೇ, ಅದೂ ಕಚೇರಿಗೆ ಬಾರದೆ, ಸೂಚನೆ ಕಳಿಸಿದ್ದು ಹೇಗೆ? ವಿವರಣೆ ನೀಡತಕ್ಕದ್ದು."

ಬಿದ್ದು ಬಿದ್ದು ನಕ್ಕೆ ಚಿಕ್ಕಮ್ಮ. ನಗುತ್ತಲೇ ಅವರ ಕೋಣೆಗೆ ಹೋದೆ. "ಸರ್, ಆಕಾಶದ ಕೆಲಸಕ್ಕೆಲ್ಲ ವಿಶ್ವ ಸಮಯ ಹಾಕ್ತೀವಿ. ನಮ್ಮ ಗೋಡೆ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಎಲ್ಲ ದೇಶದವರೂ ಒಂದೇ ಗಡಿಯಾರ ನೋಡ್ಲಿ ಅಂತ" ಎಂದೆ.

"ನೀವು ಯಾವ ದೇಶದಲ್ಲಿ ಸಂಬಳ ತಗೊಳ್ತೀರಿ?" ಎಂದು ಕೇಳಿದರು.

"ಇಲ್ಲೇ, ಸರ್."

"ಹಂಗಾದ್ರೆ ಇಲ್ಲೀ ಗಡಿಯಾರ ನೋಡಿ. ಸಮಯ ತಪ್ಪಾಯ್ತು ಅಂತ ಬರ್ಕೊಡಿ."

ಅಲ್ಲಿಗೆ ನನ್ನ ನಗು ನಿಂತಿತು. ನಿರ್ದೇಶಕರ ಹತ್ತಿರ ಓಡಿದೆ. ಅವರಾದರೂ ಖಗೋಳ ಓದಿದವರು, ಮೆಮೊ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ಕೆಳಗೆ ಅವರದೇ ರುಜು! "ಓದದೇ ಹಾಕ್ಬಿಟ್ಟೆ ಕಣಮ್ಮ. ಈಗ ವಾಪಸ್ ತಗೊಂಡ್ರೆ ಆಡಳಿತದವರ ಮುಖಕ್ಕೆ ಹೊಡೆದಂಗಾಗತ್ತೆ. ನಮ್ಮ ಹೊಸ ಕಟ್ಟಡದ ಮಂಜೂರಾತಿ ಕಡತ ಅವರ ಕೈಲಿದೆ. ನೀನೊಂದು ಕೆಲ್ಸ ಮಾಡು. ಸಮಯ ತಪ್ಪಾಗಿ ನಮೂದಿಸಿದೆ ಅಂತ ಒಂದು ಸಾಲು ಬರ್ಕೊಡು, ಮುಗಿದ್ಹೋಗತ್ತೆ. ಎಲ್ರೂ ಮರೀತಾರೆ."

ನಾನು ಬರೆದುಕೊಡುವುದಿಲ್ಲ ಎಂದೆ. ಅದಕ್ಕೇ ಗ್ರಂಥಾಲಯ. ಬರೆದುಕೊಡುವವರೆಗೂ ಕಾಯಂ ಮಾಡುವ ಮಾತೇ ಇಲ್ಲವಂತೆ.

ತಪ್ಪೇನು ಹೇಳು ನಂದು? ಹಗಲು ರಾತ್ರಿ ಗೊತ್ತಿಲ್ಲದೆ ಕೂತು, ಬಂದ ಕರೆ ನಿಜವೋ ಸುಳ್ಳೋ ನೋಡಿ, ಸರಿಯಾದ ಜಾಗ, ಸರಿಯಾದ ಸಮಯ ಕೊಟ್ಟೆ. ಆ ಸಮಯ ನಂಬಿ ಎಲ್ಲೆಲ್ಲಿಯದೋ ಜನ ಲೆಕ್ಕ ಹಾಕಿದ್ದಾರೆ. ಅದು ತಪ್ಪು ಎಂದು ಬರೆದುಕೊಟ್ಟರೆ ನನ್ನ ಕೆಲಸ ಉಳಿಯುತ್ತದೆ, ಸರಿಯಿತ್ತು ಎಂದರೆ ಹೋಗುತ್ತದೆ. ಹೊಟ್ಟೆ ಉರಿಯುತ್ತದೆ ಚಿಕ್ಕಮ್ಮ. ಎದೆಗಾರಿಕೆ ಇಲ್ಲ ಎಂದೆಯಲ್ಲ, ಆ ಮಾತಿಗೆ ಅವರ ಮೆಮೊಗಿಂತ ಹೆಚ್ಚು ಉರಿಯಿತು.

ಚಿಣ್ಣಿ


ವೀಕ್ಷಣಾಲಯ
ಮಾರ್ಚ್ ೬

ನನ್ನ ಬಂಗಾರ,

ನಿನ್ನ ಕಾಗದವನ್ನು ಜೀಪಿನ ಪಕ್ಕದಲ್ಲೇ ನಿಂತು ಓದಿದೆ. ಡ್ರೈವರ್ ಎದುರಿಗೇ ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಮೊಟ್ಟೆ ಒಡೆದದ್ದಕ್ಕೆ ಬೈಯುತ್ತಿದ್ದೇನೆ ಅಂದುಕೊಂಡು ಕ್ಷಮೆ ಕೇಳಿದ. ಇಲ್ಲೀ ಗಡಿಯಾರ ನೋಡಿ ಅಂತೆ! ಆ ಮನುಷ್ಯನನ್ನು ಕಟ್ಟಿ ಉಪಗ್ರಹದ ಮೇಲೆ ಕೂರಿಸಿ ಬಿಡಬೇಕು. ಒಂದೂವರೆ ಗಂಟೆಗೊಂದು ಸಲ ಸೂರ್ಯ ಹುಟ್ಟುವುದನ್ನು ನೋಡುತ್ತಾ ಹಾಜರಿ ಹಾಕಿಕೊಳ್ಳಲಿ. ನಿನಗೆ ಅಂದದ್ದಕ್ಕೆ ನನ್ನ ನಾಲಿಗೆ ಸುಡಲಿ.

ಈಗ ನಾನು ಹೇಳುವುದನ್ನು ಸಮಾಧಾನವಾಗಿ ಕೇಳು.

ನಿನ್ನ ಅಮ್ಮ ಫೋನ್ ಮಾಡಿದ್ದಳು. ಯಾರೋ ಹೇಳಿದ್ದಾರೆ, ನೀನು ಮೇಜಿನಲ್ಲಿಲ್ಲವೆಂದು. ಅಕ್ಕ ಅತ್ತದ್ದು ನಾನು ನಮ್ಮಪ್ಪ ಹೋದಾಗ ಕೇಳಿದ್ದು, ಆಮೇಲೆ ಇದೇ. ಅದಕ್ಕೇ ನಿಮ್ಮ ನಿರ್ದೇಶಕನಿಗೆ ಫೋನ್ ಹಚ್ಚಿದೆ. ಅವನು ನನ್ನ ಜೊತೆ ಓದಿದವನು, ನಿನಗೆ ಗೊತ್ತಿಲ್ಲ. ಚೆನ್ನಾಗಿ ಉಗಿದೆ. ಎಲ್ಲ ಉಗಿಸಿಕೊಂಡು ಕೊನೆಗೆ, "ಮಾತು ಕೊಡ್ತೀನಿ, ಆ ಕಾಗದ ಕಡತದಲ್ಲಿ ಸತ್ತು ಬಿದ್ದಿರತ್ತೆ. ಒಂದನೇ ತಾರೀಖಿಗೆ ಹುಡುಗಿ ಕಾಯಂ ಆಗಿ ಮೇಜಿಗೆ ಬರ್ತಾಳೆ" ಎಂದ.

ಒಂದು ಸಾಲು ತಾನೇ ಚಿಣ್ಣಿ? ನಿಜ ಏನೆಂದು ನಿನಗೆ ಗೊತ್ತು, ನನಗೆ ಗೊತ್ತು, ಅವನಿಗೂ ಗೊತ್ತು. ನಾನು ಹಟ ಮಾಡಿ ಗಳಿಸಿದ್ದೇನು? ಗುಡ್ಡ, ಗಾಳಿ, ಈ ಮಂಡಿನೋವು. ನೀನು ಆ ಮೇಜಿನಲ್ಲಿರುವುದು ಮುಖ್ಯ. ನೀನು ಅಲ್ಲಿ ಇಲ್ಲದಿದ್ದರೆ ಮುಂದಿನ ಸ್ಫೋಟವನ್ನು ಯಾರು ನೋಡಿಕೊಳ್ಳುತ್ತಾರೆ? ಬರೆದು ಬಿಸಾಕು. ಇದೊಂದು ಸಲ ನನ್ನ ಮಾತು ನಡೆಸಿಕೊಡು.

ನಿನ್ನ ಚಿಕ್ಕಮ್ಮ


ನಗರ
ಮಾರ್ಚ್ ೧೧

ಚಿಕ್ಕಮ್ಮ ಅವರಿಗೆ,

ನೀವು ಹೇಳಿದಂತೆಯೇ ಬರೆದುಕೊಟ್ಟೆ. "ಫೆಬ್ರವರಿ ೩ರ ಸೂಚನೆಯಲ್ಲಿ ನಾನು ನಮೂದಿಸಿದ ಸಮಯ ತಪ್ಪಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ." ಇಷ್ಟೇ. ಆಡಳಿತಾಧಿಕಾರಿ ಸೀಲು ಹಾಕಿಸಿಕೊಂಡು, "ಮೊದ್ಲೇ ಬರ್ಕೊಟ್ಟಿದ್ರೆ ಇಷ್ಟೆಲ್ಲ ಯಾಕಮ್ಮ ಬೇಕಿತ್ತು" ಎಂದರು.

ಒಂದನೇ ತಾರೀಖಿನವರೆಗೆ ಗ್ರಂಥಾಲಯದಲ್ಲೇ ಇರಬೇಕಂತೆ. ಅಮ್ಮನಿಗೆ ತಿಳಿಸಿದ್ದೇನೆ, ಸಂತೋಷಪಟ್ಟಳು. ನಿಮ್ಮ ಮಂಡಿಗೆ ಎಣ್ಣೆ ಕಳಿಸಿದ್ದಾಳೆ. ನೀವು ಆರೋಗ್ಯ ನೋಡಿಕೊಳ್ಳಿ.

ಇಂತಿ


ವೀಕ್ಷಣಾಲಯ
ಮಾರ್ಚ್ ೧೯

ನನ್ನ ಚಿಣ್ಣಿ,

ಅಬ್ಬ, ಈಗ ನನ್ನ ಹೆಗಲ ಮೇಲಿನ ಹೊರೆ ಇಳಿಯಿತು. ಎಷ್ಟು ಜಾಣೆ ನೀನು. ಅದೇನೇ ಅದು, ನೀವು ತಾವು ಎಂದು ಮರ್ಯಾದೆ? ಕಾಯಂ ಆಗುವ ಮೊದಲೇ ದೊಡ್ಡ ಮನುಷ್ಯಳಾಗಿಬಿಟ್ಟೆಯಾ? ಕಾಗದವೂ ಆಫೀಸಿನ ಟಿಪ್ಪಣಿಯ ಹಾಗೆ ಮೊಟಕು. ಇರಲಿ, ಗೋಂದು ಹಚ್ಚಿ ಸುಸ್ತಾಗಿರುತ್ತೀಯ.

ಎಣ್ಣೆ ಬಂತು. ವಾಸನೆಗೆ ಹಲ್ಲಿಯೂ ಈ ಕಡೆ ಸುಳಿಯುತ್ತಿಲ್ಲ. ಈಗ ಸಂಜೆ, ಗಾಳಿ ನಿಂತಿದೆ, ಆಕಾಶ ತೊಳೆದಿಟ್ಟ ಹಾಗಿದೆ. ಗುಮ್ಮಟ ತೆಗೆದು, ನಿಯಂತ್ರಣ ಕೋಣೆಯಲ್ಲಿ ಕಾಲು ಚಾಚಿಕೊಂಡು ನಿನಗೆ ಬರೆಯುತ್ತಿದ್ದೇನೆ. ಈ ದುರ್ಬೀನಿಗೆ ನನ್ನ ಅವಶ್ಯಕತೆಯೇ ಇಲ್ಲ ಈಗ. ಸೂಚನೆ ಬಂದರೆ ತಾನೇ ತಿರುಗುತ್ತದೆ, ತಿರುಗಿದಾಗ ಗಂಟೆ ಹೊಡೆದು ನನ್ನನ್ನು ಕರೆಯುತ್ತದೆ. ಒಂದನೇ ತಾರೀಖಿನ ಮೇಲೆ ಹೊಡೆಯುವ ಪ್ರತಿ ಗಂಟೆಯೂ ನಿನ್ನದೇ ಕರೆ ಎಂದು ನೆನೆದರೇ ಖುಷಿಯಾಗುತ್ತದೆ. ನಿಮ್ಮ ನಿರ್ದೇಶಕ ಮಾತು ಉಳಿಸಿಕೊಂಡ ನೋಡು, ನಾನು ಅವನನ್ನು ಸ್ವಲ್ಪ ಅತಿಯಾಗಿಯೇ ಬೈದೆ ಅನ್ನಿಸುತ್ತದೆ. ಕಾಲೇಜಿನಲ್ಲಿ ಅವನಿಗೆ ನಾವು ಇಟ್ಟಿದ್ದ ಹೆಸರು

ತಾಳು. ಪರದೆಯ ಮೂಲೆಯಲ್ಲಿ ಏನೋ ಹಳದಿ ಸಾಲು ಕಾಣುತ್ತಿದೆ. "ಹೊಸ ಸ್ಫೋಟ. ಸಮಯ ಬಂದಿಲ್ಲ. ಕಾಯಲಾಗುತ್ತಿದೆ." ಏನನ್ನು ಕಾಯುತ್ತಿದೆ ಇದು?

ಮಾರ್ಚ್ ೨೦

ಚಿಣ್ಣಿ, ನಿನ್ನೆ ಏನಾಯಿತೆಂದು ನಿನಗೆ ಗೊತ್ತೇ? ನಿಮ್ಮ ಮೇಜಿನಿಂದ ಬಂದ ಸೂಚನೆಯಲ್ಲಿ "ವಿಶ್ವ ಸಮಯ" ಎನ್ನುವ ಕಡೆ ನಿಮ್ಮ ಆಫೀಸಿನ ಗೋಡೆ ಗಡಿಯಾರದ ಸಮಯ ಹಾಕಿದ್ದಾರೆ. ಅದನ್ನು ನನ್ನ ದುರ್ಬೀನು ಓದಿಕೊಂಡಿದೆ. ಈ ಸ್ಫೋಟ ಆಗಲಿಕ್ಕೆ ಇನ್ನೂ ಐದೂವರೆ ಗಂಟೆ ಇದೆ ಎಂದುಕೊಂಡು, ಒಳ್ಳೆಯ ಮಗುವಿನ ಹಾಗೆ ಕೈ ಕಟ್ಟಿಕೊಂಡು ಕೂತಿದೆ! ತಿರುಗಲಿಲ್ಲ, ಗಂಟೆ ಹೊಡೆಯಲಿಲ್ಲ. ಪಕ್ಕದಲ್ಲೇ ನಾನು ಕೂತು ಹರಟೆ ಬರೆಯುತ್ತಿದ್ದೆ. ಗಾಬರಿಯಿಂದ ಎದ್ದು ಕೈಯಲ್ಲೇ ತಿರುಗಿಸಿದೆ. ಅಷ್ಟರಲ್ಲಿ ಆ ಜಾಗ ಪಡುವಣ ಗುಡ್ಡದ ಹಿಂದೆ ಇಳಿದುಹೋಗಿತ್ತು.

ಅದು ಎಂಥ ಸ್ಫೋಟ ಗೊತ್ತೇನೇ? ಎರಡು ಸೆಕೆಂಡೂ ಇಲ್ಲದ ಚಿಕ್ಕದು. ಎರಡು ಸತ್ತ ನಕ್ಷತ್ರ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಬರುವಂಥದ್ದು. ಅದರ ಉಳಿಬೆಳಕನ್ನು ಒಂದು ಸಲ ನೋಡಬೇಕೆಂದು ಈ ಗುಡ್ಡದ ಮೇಲೆ ತಲೆ ಬೆಳ್ಳಗಾಗಿಸಿಕೊಂಡೆ. ಬಂದು ಬಾಗಿಲಲ್ಲಿ ನಿಂತಿತ್ತು. ಯಾವ ಅವಿವೇಕಿ ಮಾಡಿದ್ದು ಇದು? ಯಾರಪ್ಪನ ಆಸ್ತಿ ಎಂದುಕೊಂಡಿದ್ದಾರೆ ಆಕಾಶವನ್ನು? ಬೆಳಗಿನಿಂದ ನೀರೂ ಕುಡಿದಿಲ್ಲ. ನಿರ್ದೇಶಕ ಫೋನ್ ಎತ್ತುತ್ತಿಲ್ಲ. ಯಾರದು ಈ ಕೆಲಸ, ಹೆಸರು ಹೇಳು, ನಾನೇ ಇಳಿದು ಬರುತ್ತೇನೆ.

ಚಿಕ್ಕಮ್ಮ


ನಗರ
ಮಾರ್ಚ್ ೨೭

ಚಿಕ್ಕಮ್ಮ,

ನೀವು ಎಂದು ಬರೆದದ್ದು ಮರ್ಯಾದೆಗಲ್ಲ. ಕೋಪಕ್ಕೆ. ನಿನಗೆ ಅದು ತಮಾಷೆಯಾಗಿ ಕಂಡಿತು.

ಯಾರದು ಈ ಕೆಲಸ ಎಂದು ಕೇಳಿದ್ದೀಯ. ಹದಿನೆಂಟನೇ ತಾರೀಖು ಹೊರಟ ಸುತ್ತೋಲೆಯ ಮೊದಲ ಸಾಲು ಹೀಗಿದೆ: "ವಿಶ್ವ ಸಮಯದ ಬಳಕೆಯಿಂದ ತಪ್ಪುಗಳಾಗುತ್ತಿರುವುದನ್ನು ಕರ್ತವ್ಯದಲ್ಲಿದ್ದ ವಿಜ್ಞಾನಿಯೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ಇನ್ನು ಮುಂದೆ ಎಲ್ಲ ಸೂಚನೆಗಳೂ ಕಚೇರಿಯ ಗಡಿಯಾರದ ಪ್ರಕಾರ ಹೋಗತಕ್ಕದ್ದು." ಕೆಳಗೆ ನಿನ್ನ ಗೆಳೆಯನ ರುಜು. ಕಡತದಲ್ಲಿ ಸತ್ತು ಬಿದ್ದಿರುತ್ತದೆ ಎಂದಿದ್ದರಲ್ಲ, ಎದ್ದು ಬಂತು. ಗ್ರಂಥಾಲಯದಲ್ಲಿದ್ದ ನನಗೆ ಸುತ್ತೋಲೆ ತೋರಿಸಲೂ ಇಲ್ಲ.

ಮಾರನೆಯ ಸಂಜೆ ಸ್ಫೋಟ. ಮೇಜಿನಲ್ಲಿದ್ದವನು ಹೇಳಿದಂತೆ ಮಾಡಿದ. ನಿನ್ನ ದುರ್ಬೀನೊಂದೇ ಅಲ್ಲ, ಎಲ್ಲ ಕಡೆಯವೂ ಕಾದು ಕೂತವು. ಸಮುದ್ರದಾಚೆಯಿಂದ ಒಬ್ಬರು ಬರೆದಿದ್ದರು: "ನಿಮ್ಮ ಸ್ಫೋಟ ಇನ್ನೂ ಆಗಿಲ್ಲ. ಇಷ್ಟು ಮುಂಚಿತವಾಗಿ ತಿಳಿಸಿದ್ದಕ್ಕೆ ಧನ್ಯವಾದ." ಅದನ್ನು ಓದಿದ ಮೇಲೆ ನಿರ್ದೇಶಕರಿಗೆ ನನ್ನ ನೆನಪಾಯಿತು. ಓಡುತ್ತಾ ಗ್ರಂಥಾಲಯಕ್ಕೆ ಬಂದರು. "ಒಂದು ತಿದ್ದುಪಡಿ ಕಳಿಸಮ್ಮ, ಬೇಗ. ತಾಂತ್ರಿಕ ಕಾರಣದಿಂದ ಅಂತ ಹಾಕು. ನಿನಗೆ ಚೆನ್ನಾಗಿ ಬರೆಯಕ್ಕೆ ಬರತ್ತೆ" ಎಂದರು. ಮೈಯೆಲ್ಲ ಬೆವರು. ಅವರನ್ನು ನೋಡಿ ಅಯ್ಯೋ ಎನ್ನಿಸಲಿಲ್ಲ ನನಗೆ.

ಮೇಜಿಗೆ ಹೋಗಿ ಕೂತೆ. ಹೀಗೆ ಬರೆದೆ: "ಹಿಂದಿನ ಸೂಚನೆಯಲ್ಲಿರುವ ಸಮಯ ನಮ್ಮ ಕಚೇರಿಯ ಗೋಡೆ ಗಡಿಯಾರದ್ದು. ಅದರಲ್ಲಿ ಐದೂವರೆ ಗಂಟೆ ಕಳೆಯಿರಿ. ಫೆಬ್ರವರಿ ೩ರ ಸ್ಫೋಟಕ್ಕೆ ನಾನು ಕೊಟ್ಟ ಸಮಯ ಸರಿಯಾಗಿಯೇ ಇತ್ತು. ಅದು ತಪ್ಪೆಂದು ಸಂಸ್ಥೆಗೆ ನಾನು ಬರೆದುಕೊಟ್ಟದ್ದು ಸುಳ್ಳು." ಕೆಳಗೆ ಹೆಸರು ಹಾಕಿದೆ. ಅವರು ಕನ್ನಡಕ ಹುಡುಕುತ್ತಿದ್ದಾಗಲೇ ಕಳಿಸಿಬಿಟ್ಟೆ.

"ಏನು ಮಾಡ್ದೆ ನೀನು?"

"ತಿದ್ದುಪಡಿ, ಸರ್."

"ಯಾರನ್ನ ಕೇಳಿ?"

"ಬರ್ಕೊಡು ಅಂದಾಗ ಕೇಳಲಿಲ್ಲವಲ್ಲ ಸರ್ ನೀವು, ನಿಜ ಏನು ಅಂತ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ರುಜು ಹಾಕಿದ್ರಿ. ಒಂದಲ್ಲ, ಎರಡು ಸಲ. ನಾಚಿಕೆ ಆಗಬೇಕು ನಿಮಗೆ!" ಕೋಣೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ಕೀಲಿಮಣೆ ನೋಡುತ್ತಿದ್ದರು. ಆಡಳಿತಾಧಿಕಾರಿ ಬಂದರು, ಅವರಿಗೂ ಅಂದೆ. ಗಂಟಲು ಕಟ್ಟುವವರೆಗೆ ಕೂಗಿದೆ.

ಸುತ್ತೋಲೆ ರದ್ದಾಯಿತು. ಇನ್ನು ಮೇಲೆ ಬರುವ ಸೂಚನೆಗಳಲ್ಲಿ ಸಮಯ ಸರಿಯಾಗಿರುತ್ತದೆ, ನಿನ್ನ ದುರ್ಬೀನು ತಿರುಗುತ್ತದೆ. ನನ್ನ ಕೆಲಸ ಹೋಯಿತು. ಪತ್ರದಲ್ಲಿ ಕಾರಣ ಹಾಕಿದ್ದಾರೆ: "ಸಂಸ್ಥೆಗೆ ಸುಳ್ಳು ಹೇಳಿಕೆ ನೀಡಿರುವುದನ್ನು ಸ್ವತಃ ಒಪ್ಪಿಕೊಂಡಿರುವುದರಿಂದ." ನಿಜ ಹೇಳಿದ್ದಕ್ಕೆ ತೆಗೆಯಲಾಗಲಿಲ್ಲ, ಸುಳ್ಳು ಹೇಳಿದ್ದಕ್ಕೆ ತೆಗೆದರು. ಅದರಲ್ಲಿ ಅವರದು ತಪ್ಪೆನ್ನಲು ನನಗೆ ಬಾಯಿಲ್ಲದಂತಾಯಿತು.

ಇಳಿದು ಬರುತ್ತೇನೆ ಎಂದಿದ್ದೀಯ. ಬರಬೇಡ. ಯಾರಿಗೂ ಫೋನ್ ಮಾಡಬೇಡ. ನಾನು ಬೇರೆ ಕಡೆ ಕೆಲಸ ಹುಡುಕುತ್ತಿದ್ದೇನೆ, ಸಿಗುತ್ತದೆ. ಅಮ್ಮನಿಗೆ ನಾನೇ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು, ಈಗ ಊಟಕ್ಕೆ ಕರೆಯುತ್ತಾಳೆ.

ಆ ಒಂದು ಸಾಲು ಬರೆದುಕೊಡು ಎಂದು ನನ್ನನ್ನು ಕೇಳಿದವರು ಮೂವರು. ಆಡಳಿತಾಧಿಕಾರಿ ಕೇಳಿದರು, ಕೊಡಲಿಲ್ಲ. ನಿರ್ದೇಶಕರು ಕೇಳಿದರು, ಕೊಡಲಿಲ್ಲ. ಅವರಿಬ್ಬರ ಮೇಲಿನ ಸಿಟ್ಟನ್ನು ಕೂಗಾಡಿ ತೀರಿಸಿಕೊಂಡೆ. ಅವರೇನು ನನ್ನನ್ನು ಎತ್ತಿ ಆಡಿಸಿದವರಲ್ಲ.

ಚಿಣ್ಣಿ